ಆತಿಥ್ಯದ ಅರ್ಜಿ

ಬರೆಯಿರಿ ಟೀಚರೇ, ಅಂದರು ಸುಬೇದಾರ್ ಪೂಣಚ್ಚ,
ರಮ್ಮಿಗೆ ಬಿಸಿನೀರು ಬೆರೆಸುತ್ತ.
ಟೀವಿಯಲ್ಲಿ ಯಾವುದೋ ದೇಶದ ಹುಡುಗಿ
ಬೆಟ್ಟದ ತುದಿಯಿಂದ ಗಾಳಿಗೆ ಜಿಗಿದು
ಇನ್ನೂ ನೆಲ ಮುಟ್ಟಿರಲಿಲ್ಲ.

ಬರೆಯಿರಿ: ಮಾನ್ಯ ಸಮಿತಿಯವರಿಗೆ,
ಮುಂದಿನ ಸಲದ ಚಳಿಗಾಲದ ಜಗತ್ಕೂಟವನ್ನು
ಅಮ್ಮತ್ತಿಯಲ್ಲಿ ನಡೆಸಲು ನಾವು ತಯಾರು.

ನಾನು ಹೈಸ್ಕೂಲಿನ ಪಿ.ಟಿ. ಮೇಡಂ.
ಖೋಖೋ ಅಂಕಣಕ್ಕೆ ಸುಣ್ಣ ಎಳೆದ ಕೈಯಲ್ಲೇ
ಬರೆದೆ.

ಎತ್ತರ? ತಡಿಯಂಡಮೋಳಿನದ್ದು ಹಾಕಿ,
ಐದು ಸಾವಿರದ ಏಳುನೂರು ಚಿಲ್ಲರೆ ಅಡಿ.
ಮೀಟರಿನಲ್ಲಿ ಕೇಳಿದರೆ
ಸ್ವಲ್ಪ ಕಮ್ಮಿ ಕಾಣುತ್ತದೆ, ಇರಲಿ.

ಉಳಿಯಲು ಜಾಗ? ಹೋಂಸ್ಟೇ ಇಲ್ಲದ ಕಟ್ಟಡ
ಈ ರಸ್ತೆಯಲ್ಲಿ ಒಂದೇ, ಅದು ಪೊಲೀಸ್ ಠಾಣೆ.
ಕೂಟ ನಡೆಸಿದ ಅನುಭವ?
ವರ್ಷಕ್ಕೊಂದು ಒಕ್ಕ ಮುಂದೆ ನಿಂತು
ನೂರಾರು ಮನೆತನಗಳಿಗೆ ಹಾಕಿ ಆಡಿಸುತ್ತದೆ,
ಅಜ್ಜಿ, ಮೊಮ್ಮಗ ಒಂದೇ ತಂಡದಲ್ಲಿ.
ಹಿಮದ ಮೇಲೂ ಕೋಲು ಕೋಲೇ.

ಹಿಮದ ಆಳ?

ಪೆನ್ನು ನಿಂತಿತು.
‘ಮಾರ್ಚಿನ ಹೂಮಳೆ ಬಿದ್ದ ಎಂಟನೇ ದಿನಕ್ಕೆ
ತೋಟವೆಲ್ಲ ಬೆಳ್ಳಗೆ’ ಅಂತ ಬರೆಯಲೇ, ಕೇಳಿದೆ.
ಬೇಡ. ಹೂವನ್ನು ಹಿಮ ಅನ್ನಬೇಡಿ.
ಹೂವಿನಡಿ ಹೂತುಹೋದ ಹುಡುಗನನ್ನು
ಮೂರು ದಿನ ಸಲಿಕೆಯಲ್ಲಿ ಹುಡುಕಿದವರು ಯಾರಿದ್ದಾರೆ?
ಆಮೇಲೆ ತುಂಬ ಹೊತ್ತು
ಟೀವಿ ಮಾತ್ರ ಮಾತಾಡಿತು.

ಆಳ: ಸೊನ್ನೆ. ಸುಳ್ಳು ಬೇಡ.
ಹಿಮದ ವ್ಯವಸ್ಥೆ: ಮೊಯ್ದು.

ಮೊಯ್ದುವಿನ ಮೀನು ಲಾರಿ ತಲಶ್ಶೇರಿ ಬಿಟ್ಟು
ಮಾಕುಟ್ಟದ ಘಾಟಿ ಹತ್ತಿ, ವಿರಾಜಪೇಟೆ ದಾಟಿ
ಬೆಳಗಿನ ಐದಕ್ಕೆ ಅಮ್ಮತ್ತಿಗೆ.
ಆ ಭಾನುವಾರ ಬಂಗುಡೆಯ ಪೆಟ್ಟಿಗೆ ಎಂಟು,
ಬರೀ ಐಸಿನದು ಹದಿನಾರು.
ಸುಬೇದಾರಿಗೆ ತಲೆ ಕೆಟ್ಟಿದೆ, ನನಗೂ, ಅಂದ.
ಬಾಡಿಗೆ ಕೇಳಲಿಲ್ಲ.

ಕಾಫಿ ಒಣಗಿಸುವ ಕಣ ತೊಳೆದಿಟ್ಟಿದ್ದೆವು.
ಗೋಣಿ ಹಾಸಿ, ಐಸು ಕುಟ್ಟಿ, ಹಲಗೆಯಲ್ಲಿ ಒತ್ತಿ,
ಬೆರಳು ಯಾರದೆಂದು ಗೊತ್ತಾಗದಷ್ಟು ಮರಗಟ್ಟಿ,
ಇಳಿಜಾರಿನುದ್ದಕ್ಕೂ ಒಂದು ಬಿಳಿ ದಾರಿ.
ಮೀನು ನಾರುವ ಹಿಮ.
ಮೊದಲ ಪ್ರೇಕ್ಷಕರು ಬೆಕ್ಕುಗಳು.

ಅಟ್ಟದಿಂದ ಗುಲ್ಮಾರ್ಗಿನ ಮರದ ಸ್ಕೀ ಇಳಿಯಿತು,
ಒಂದೇ. ಇನ್ನೊಂದು ಎಲ್ಲಿ ಎಂದು ಕೇಳಬಾರದೆಂದು
ನನಗೆ ಹೇಗೋ ಗೊತ್ತಿತ್ತು.
ಅದನ್ನು ಗೋಡೆಗೆ ಒರಗಿಸಿ
ಧ್ವಜದಂತೆ ಸೆಲ್ಯೂಟ್ ಹೊಡೆದರು.

ಸ್ಪರ್ಧಿಗಳು ಹನ್ನೊಂದು.
ಬೇಕರಿಯ ಜೋಸೆಫನ ಅವಳಿಗಳು,
ಲೈನ್‌ಮನೆಯ ಅಸ್ಸಾಮಿ ಹುಡುಗ ರಫೀಕುಲ್,
ನೋಡಲು ಬಂದು ಸಿಕ್ಕಿಬಿದ್ದ ಪೋಸ್ಟ್‌ಮ್ಯಾನ್,
ಎರವರ ಬೊಳಕನ ಮಗಳು ಮುತ್ತೆ,
ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು.
ವಾಹನ: ಗೊಬ್ಬರದ ಖಾಲಿ ಚೀಲ.

ಪೀಪಿ ಊದಿದೆ.
ಎಲ್ಲರೂ ಕೂತು ಜಾರಿದರು.
ಮುತ್ತೆ ನಿಂತೇ ಇಳಿದಳು.
ಮಂಡಿ ಬಾಗಿಸು, ಭಾರ ಮುಂದಕ್ಕೆ ತಾ ಎಂದು
ಯಾರೂ ಕಲಿಸಿರಲಿಲ್ಲ; ಅಪ್ಪನ ಹಿಂದೆ
ಮೆಣಸಿನ ಒಂಟಿಬಿದಿರೇಣಿ ಹತ್ತಿಳಿದ ಕಾಲಿಗೆ
ಗೊತ್ತಿತ್ತು.
ಗೆರೆ ದಾಟಿ, ಕಣ ದಾಟಿ,
ಕಾಫಿ ಹೊಟ್ಟಿನ ಗುಡ್ಡೆಯೊಳಗೆ
ಕುತ್ತಿಗೆವರೆಗೂ ಹೋಗಿ ನಿಂತಳು.

ಸುಬೇದಾರ್ ಓಡಿದರು, ಎಪ್ಪತ್ತೊಂದರ ಮಂಡಿಯಲ್ಲಿ.
ಎರಡೂ ಕೈಯಿಂದ ಹೊಟ್ಟು ತೋಡಿದರು.
ಅವಳು ನಗುತ್ತಿದ್ದಳು, ಹೊರಗೆ ಬಂದು ನಿಂತಿದ್ದಳು,
ಅವರು ತೋಡುತ್ತಲೇ ಇದ್ದರು.
ಮೊಯ್ದು ಹೋಗಿ ಭುಜ ಹಿಡಿಯಬೇಕಾಯಿತು.

ನಲವತ್ತು ನಿಮಿಷಕ್ಕೆ ಬಿಸಿಲು ಬಂತು.
ಪದಕ: ಕೊಯ್ಲಿನ ತಗಡಿನ ಟೋಕನ್,
ನಂಬರ್ ಮೂವತ್ತನಾಲ್ಕು, ಗೋಣಿ ನೂಲಿನಲ್ಲಿ.
ಸೋಮವಾರ ತೋಟದ ರೈಟರು ವಾಪಸ್ ಕೇಳಿದರು.
ಮುತ್ತೆ ಕೊಡಲಿಲ್ಲ.

ಅರ್ಜಿ ನನ್ನ ಬಳಿಯೇ ಇದೆ, ವಿಳಾಸ ತಿಳಿಯದೆ.
ಕೊನೆಯ ಕಾಲಂ ಖಾಲಿ:
ಕೂಟ ಮುಗಿದ ಮೇಲೆ ಮೈದಾನದ ಉಪಯೋಗ?

ಕಣದಲ್ಲಿ ಕೊನೆಯ ಕೊಯ್ಲಿನ ರೊಬಸ್ಟಾ ಹರಡಿದೆ.
ಖರೀದಿಗೆ ಬಂದವನು ಒಂದು ಹಿಡಿ ಎತ್ತಿ ಮೂಸಿ
ಏನಿದು, ಬಂಗುಡೆಯಾ, ಅಂದ.
ಚೀಲಕ್ಕೆ ಐವತ್ತು ರೂಪಾಯಿ ಕಡಿತ.
ಆಗಲಿ, ಅಂದರು ಸುಬೇದಾರ್.